ಇಲ್ಲೆ, ಇಲ್ಲೇ

ಜನವರಿ ೧, ೧೯೬೧, ಭಾನುವಾರ

ಈ ಡೈರಿ ಯಾವುದೋ ಇನ್ಶೂರೆನ್ಸ್ ಕಂಪನಿಯವರು ಕೊಟ್ಟದ್ದು. ಮೊದಲ ಪುಟದಲ್ಲಿ ತುಂಬಲು ಗೆರೆಗಳು. ಹೆಸರು: ಮಹಾಲಿಂಗಪ್ಪ. ಉದ್ಯೋಗ: ಕಾಲೇಜಿನಲ್ಲಿ ಲಾಜಿಕ್ ಹೇಳುವುದು. ವಿಳಾಸ: ನುಂಗಂಬಾಕ್ಕಂ, ಮದರಾಸು, ಮಹಡಿ ಮನೆ. ಕಾಲರಿನ ಅಳತೆ: ಹದಿನೈದು. ನನ್ನ ಕಾಲರಿನ ಅಳತೆಯಿಂದ ಇನ್ಶೂರೆನ್ಸಿನವರಿಗೆ ಏನಾಗಬೇಕೋ. ಮುಂದೆ ಕೊರಳಪಟ್ಟಿ ಹಿಡಿಯುವಾಗ ಅನುಕೂಲವಾಗಲೆಂದಿರಬೇಕು. ಕೊನೆಯ ಗೆರೆ: ಅಪಘಾತವಾದರೆ ಯಾರಿಗೆ ತಿಳಿಸಬೇಕು? ಗಿರಿಜಾದೇವಿ ಎಂದು ಬರೆದೆ. ಬರೆದು, ಮಸಿ ಒಣಗುವವರೆಗೆ ನೋಡುತ್ತ ಕೂತೆ.

ಗಿರಿಜೆಯನ್ನು ಅಕ್ಟೋಬರಿನಲ್ಲಿ ಜ್ವರವೆಂದು ಆಸ್ಪತ್ರೆಗೆ ಕರೆದುಕೊಂಡು ಹೋದೆ. ಹೋಗುವಾಗ ಜಟಕಾದಲ್ಲಿ ಗಂಡ ಹೆಂಡತಿ ಇಬ್ಬರು. ಒಂಬತ್ತು ದಿನಗಳ ಮೇಲೆ ಬರುವಾಗ ಗಂಡ ಒಬ್ಬ. ಈ ವಿಷಯದಲ್ಲಿ ಇಷ್ಟೇ ಬರೆಯುವುದೆಂದು ಗೊತ್ತುಮಾಡಿಕೊಂಡಿದ್ದೇನೆ. ಉಳಿದ ಪುಟಗಳು ಹಾಲು, ಕಾಫಿ, ಮಗಳ ಜಡೆ ಇವುಗಳಿಗೆ.

ಮಗಳು ಅಮ್ಮಣ್ಣಿಗೆ ಆರು ವರ್ಷ. ನಾನು ಕನ್ನಡದಲ್ಲಿ ಕೇಳುತ್ತೇನೆ, ಅವಳು ತಮಿಳಿನಲ್ಲಿ ಉತ್ತರ ಕೊಡುತ್ತಾಳೆ. ಬೇಜಾರಾದಾಗ ಎರಡನ್ನೂ ಕಲಸಿ ಕೊಡುತ್ತಾಳೆ.

ಹೊಸ ವರ್ಷದ ಮೊದಲ ಸಾಧನೆ: ಹಾಲು ಹಾಳಾಯಿತು. ಇಲ್ಲಿ ಹಾಲಿಗೆ ಪಾಲ್ ಎನ್ನುತ್ತಾರೆ. ನಮ್ಮ ಹಾಲಿನವನು ತರುವುದರಲ್ಲಿ ನೀರಿನ ಪಾಲೇ ಹೆಚ್ಚು. ಆ ನೀರನ್ನೂ ಉಕ್ಕಿಸಿ ಒಲೆಗೆ ಅಭಿಷೇಕ ಮಾಡಿದೆ.

ಜನವರಿ ೪, ಬುಧವಾರ

ಜಡೆ ಹೆಣೆಯುವುದಕ್ಕೆ ಮೂರು ಕಾಲು ಸಾಕು ಎನ್ನುತ್ತಾರೆ. ನನಗೆ ನಾಲ್ಕು ಕೈ ಬೇಕಾಯಿತು. ಜಡನ ಕೈಯಲ್ಲಿ ಜಡೆ. ಬೈತಲೆ ನೆತ್ತಿಯಿಂದ ಹೊರಟು ಮದರಾಸು ಕಾರ್ಪೊರೇಷನ್ನಿನ ರಸ್ತೆಯ ಹಾಗೆ ಅರ್ಧದಲ್ಲಿ ಎಡಕ್ಕೆ ತಿರುಗಿತು. ಕೆಳಗಿನ ಮನೆಯ ಜಯಲಕ್ಷ್ಮೀ ಮಾಮಿ ನೋಡಿ ಬಾಯಿಗೆ ಸೆರಗು ಅಡ್ಡ ಹಿಡಿದುಕೊಂಡರು.

ಇನ್ನೊಂದು. ಬೆಳಗ್ಗೆ ಕೆನ್ನೆಗೆ ಸೋಪು ಹಚ್ಚಿಕೊಂಡು ನಿಂತಿದ್ದೆ. ಹೂವಿನ ಮುದುಕಿ ಮಗಳ ಬಾಣಂತನಕ್ಕೆಂದು ನಾಲ್ಕು ತಿಂಗಳು ಊರಿಗೆ ಹೋಗಿದ್ದಳು. ಇವತ್ತು ಬಂದವಳು ಮೆಟ್ಟಿಲ ಕೆಳಗಿನಿಂದಲೇ "ಅಮ್ಮಾ ಇರುಕ್ಕಾಂಗಳಾ?" ಎಂದಳು. ಅಮ್ಮ ಇದ್ದಾರಾ ಎಂದು. ಅಮ್ಮಣ್ಣಿ ಬಾಗಿಲಲ್ಲಿ ನಿಂತು ಹೇಳಿದಳು: "ಅಮ್ಮಾ ಇಲ್ಲೆ."

ತಮಿಳಿನಲ್ಲಿ ಇಲ್ಲೆ ಎಂದರೆ ಇಲ್ಲ. ಹದಿಮೂರು ವರ್ಷದಿಂದ ಈ ಊರಿನಲ್ಲಿದ್ದೇನೆ. ದಿನಕ್ಕೆ ನೂರು ಸಲ ಕೇಳುವ ಮಾತು. ಆದರೆ ಕಿವಿಗೆ ಬಿದ್ದದ್ದು ಕನ್ನಡವಾಗಿ. ಅಮ್ಮ ಇಲ್ಲೇ.

ರೇಜರು ಕೆನ್ನೆಗೆ ತಾಗಿದ್ದು ಆಮೇಲೆ ತಿಳಿಯಿತು, ಸೋಪಿನ ನೊರೆ ಕೆಂಪಾದಾಗ. ಅಷ್ಟು ಹೊತ್ತೂ ಅಡಿಗೆಮನೆಯ ಬಾಗಿಲನ್ನು ನೋಡುತ್ತ ನಿಂತಿದ್ದೆ.

ಜನವರಿ ೯, ಸೋಮವಾರ

ಇವತ್ತಿನ ಪಾಠ: ಒಂದು ವಸ್ತು ಇದೆ, ಅಥವಾ ಇಲ್ಲ, ನಡುವೆ ಮೂರನೆಯ ಸ್ಥಿತಿಗೆ ಎಡೆಯಿಲ್ಲ. ಹಿಂದಿನ ಬೆಂಚಿನವನೊಬ್ಬ ಎದ್ದು, "ಸರ್, ಕ್ಲಾಸಿನಲ್ಲಿ ಇದ್ದೂ ಇಲ್ಲದವರ ಗತಿ?" ಎಂದ. ಅವನಿಗೆ ಎರಡು ದಿನದ ಅಟೆಂಡೆನ್ಸ್ ಕೊಟ್ಟೆ.

ನಾಲ್ಕೂವರೆಗೆ ಮನೆಗೆ ಬಂದಾಗ ನಡುಮನೆಯಲ್ಲಿ ತೂಗುಮಣೆ ಅಲುಗುತ್ತಿತ್ತು. ಮೇಲೆ ಯಾರೂ ಕೂತಿರಲಿಲ್ಲ. ಗಾಳಿಯೂ ಇರಲಿಲ್ಲ, ಗೋಡೆಯ ಕ್ಯಾಲೆಂಡರಿನ ಹಾಳೆ ಮಿಸುಕಿರಲಿಲ್ಲ. ಎಡಗಡೆಯ ಸರಪಳಿ, ಗಿರಿಜೆ ಕೂತಾಗ ಮಾಡುತ್ತಿದ್ದ ಅದೇ ಕಿರುಸದ್ದು ಮಾಡುತ್ತಿತ್ತು. ಅದು ಅವಳ ಹೊತ್ತು. ನಾಲ್ಕೂವರೆ, ಎರಡು ಲೋಟ ಕಾಫಿ, ಒಂದು ಕಾಲಿನ ಹೆಬ್ಬೆರಳು ಮಾತ್ರ ನೆಲಕ್ಕೆ.

ಅಮ್ಮಣ್ಣಿ ಮನೆಯಲ್ಲಿರಲಿಲ್ಲ. ಸ್ಕೂಲು ಬಿಟ್ಟ ಮೇಲೆ ನಾನು ಬರುವವರೆಗೆ ಅವಳು ಕೆಳಗೆ ಮಾಮಿಯ ಹತ್ತಿರ ಇರಬೇಕೆಂದು ಏರ್ಪಾಡು.

ಮಣೆ ನಿಲ್ಲುವವರೆಗೆ ಬಾಗಿಲಲ್ಲೇ ನಿಂತೆ. ಆಮೇಲೆ ಶೂಸು ಬಿಚ್ಚಿ ಕೈಯಲ್ಲಿ ಹಿಡಿದು, ಗೋಡೆಯ ಪಕ್ಕದಿಂದ ಸುತ್ತಿ ಒಳಗೆ ಹೋದೆ. ಯಾಕೆ ಹಾಗೆ ಹೋದೆನೋ ಲಾಜಿಕ್ಕಿನ ಮೇಷ್ಟರನ್ನು ಕೇಳಬೇಕು.

ಜನವರಿ ೧೪, ಶನಿವಾರ. ಪೊಂಗಲ್

ಹೊಸಿಲ ಮೇಲೆ ಕೂತು ಅಪ್ಪ ಮಗಳು ಅವರೆಕಾಯಿ ಸುಲಿದೆವು. ಸಿಪ್ಪೆ ಅವಳ ಲಂಗದಲ್ಲಿ, ಕಾಳು ನನ್ನ ತಟ್ಟೆಯಲ್ಲಿ, ಹುಳ ಸಿಕ್ಕರೆ ಇಬ್ಬರಿಗೂ ಸಮ. ಬೀದಿ ತುಂಬ ಕೋಲದ, ಅಂದರೆ ನಮ್ಮ ರಂಗೋಲಿಯ, ಹಿಟ್ಟಿನ ಬಿಳುಪು, ಇರುವೆಗಳ ಹಬ್ಬ. ಒಂದು ಗಂಟೆ ಹಾಗೇ ಸುಲಿದೆವು. ಚೆನ್ನಾಗಿತ್ತು.

ದಾವಣಗೆರೆಗೆ, ಅತ್ತೆಗೆ, ಸಂಕ್ರಾಂತಿಯ ಕಾರ್ಡು ಬರೆದು ಹಾಕಿದೆ. ಡಬ್ಬಿಯೊಳಗೆ ಬಿದ್ದ ಮೇಲೆ ಜ್ಞಾಪಕಕ್ಕೆ ಬಂತು, ಹೇಗೆ ಮುಗಿಸಿದೆ ಎಂದು. ಆರು ವರ್ಷದ ಅಭ್ಯಾಸ. 'ಇಲ್ಲಿ ನಾವು ಮೂವರೂ ಕ್ಷೇಮ.'

ಅಂಚೆಡಬ್ಬಿಯ ಬಾಯಿಗೆ ಕೈ ಹಾಕಿ ನೋಡಿದೆ. ಹೋಗುವುದಿಲ್ಲ.

ಜನವರಿ ೨೭, ಶುಕ್ರವಾರ

ಕಾರ್ಡಿಗೆ ಉತ್ತರ ಬಂತು. ಅತ್ತೆ ಶಿವಗಂಗಮ್ಮನವರು ಹೇಳಿ, ಭಾವಮೈದುನ ಸೋಮಲಿಂಗಪ್ಪ ಬರೆದದ್ದು. ಇಂಗ್ಲಿಷಿನಲ್ಲಿ ಬರೆದಿದ್ದಾನೆ, ವಿಷಯ ಗಂಭೀರವೆಂದು ತಿಳಿಯಲಿ ಎಂದು. ನನ್ನ ಮನಸ್ಸು ಸ್ವಸ್ಥವಿಲ್ಲವೆಂದು ಅವರಿಗೆ ಯೋಚನೆಯಾಗಿದೆ. ಶಿವರಾತ್ರಿ ಕಳೆದ ಮೇಲೆ ಅತ್ತೆ ಬಂದು ಅಮ್ಮಣ್ಣಿಯನ್ನು ಕರೆದುಕೊಂಡು ಹೋಗುತ್ತಾರೆ. ಜೂನಿನಿಂದ ಅಲ್ಲಿಯೇ ಸ್ಕೂಲು. 'ಹೆಣ್ಣು ಮಗು, ತಾಯಿಯಿಲ್ಲದ ಮನೆ.'

ಕಾಗದ ಮಡಚಿ ಲಾಜಿಕ್ಕಿನ ಪುಸ್ತಕದಲ್ಲಿ ಇಟ್ಟೆ. ಅವರ ವಾದದಲ್ಲಿ ಎಲ್ಲಿಯೂ ದೋಷ ಕಾಣಲಿಲ್ಲ.

ಸಂಜೆ ಅಮ್ಮಣ್ಣಿಯ ಕೈ ತೊಳೆಸಿದೆ. ಎರಡು ಅಂಗೈಗೂ ಕೆಂಪು ಮಣ್ಣು, ಯಾವ ಆಟವೋ. ಮಣೆ ಇವತ್ತೂ ಅಲುಗುತ್ತಿತ್ತು.

ಫೆಬ್ರವರಿ ೬, ಸೋಮವಾರ

ಅತ್ತೆ ಬರುವುದರೊಳಗೆ ಈ ಮನೆ ಮನೆಯಂತೆ ಕಾಣಬೇಕು. ನಿನ್ನೆ ಜೋಳದ ರೊಟ್ಟಿ ತಟ್ಟಿದೆ. ಮೈಸೂರು ರಾಜ್ಯದ ನಕಾಶೆ ಬಂತು; ಏಕೀಕರಣಕ್ಕೆ ಮುಂಚಿನದು, ಚೂರು ಚೂರು.

ನಮಗೆ ಮಧ್ಯಾಹ್ನದ ಕ್ಯಾರಿಯರ್ ಕಳಿಸುವ ಹೋಟೆಲಿನ ಕಿಟ್ಟಣ್ಣ ಇವತ್ತು ತಾವೇ ಬಂದಿದ್ದರು, ಕುಂದಾಪುರದ ಕಡೆಯವರು. ನನ್ನ ಕಾಫಿ ಕುಡಿದು ಲೋಟ ಕೆಳಗಿಟ್ಟರು.

"ಎಂಥದು ಮಾರಾಯ್ರೆ ಇದು? ಕಾಫಿಯಾ, ಕಾಫಿ ಪಾತ್ರೆ ತೊಳೆದ ನೀರಾ?"

"ಕಾಪಿ," ಎಂದೆ. "ನಮ್ಮ ಹುಡುಗರು ಪರೀಕ್ಷೆಯಲ್ಲಿ ಹೊಡೆಯುವುದು. ಅಸಲಿನ ಹಾಗೆ ಇರೋದಿಲ್ಲ."

ಅವರು ನಗಲಿಲ್ಲ. ಅಡಿಗೆಮನೆಗೆ ಹೋಗಿ ಫಿಲ್ಟರು ಎತ್ತಿ ನೋಡಿದರು. "ಪುಡಿ ಒತ್ತಿ ತುಂಬಿಸಬಾರದು. ನೀರು ಹೊಯ್ದು ಸುಮ್ನೆ ಕೂತ್ಕೊಳ್ಳಿ. ಅದು ಅದರಷ್ಟಕ್ಕೆ ಇಳೀತದೆ. ನಿಮ್ಮ ಕೆಲಸ ಕಾಯೂದು ಮಾತ್ರ. ಅದೊಂದು ನಿಮಗೆ ಬರೂದಿಲ್ಲ."

ಅವರು ಹೋದ ಮೇಲೆ ಹಾಗೇ ಮಾಡಿದೆ. ಕಾಲು ಗಂಟೆ ಕೂತು ಹನಿ ಬೀಳುವುದನ್ನು ಕೇಳಿದೆ. ಮನೆಯಲ್ಲಿ ಇಷ್ಟು ಸಣ್ಣ ಸದ್ದು ಇದೆಯೆಂದೇ ಗೊತ್ತಿರಲಿಲ್ಲ. ಎರಡು ಲೋಟಕ್ಕೆ ಬಗ್ಗಿಸಿ, ಒಂದನ್ನು ತೂಗುಮಣೆಯ ಕೆಳಗೆ, ಅವಳು ಇಟ್ಟುಕೊಳ್ಳುತ್ತಿದ್ದ ಜಾಗದಲ್ಲಿ ಇಟ್ಟೆ.

ಅಮ್ಮಣ್ಣಿ ನೋಡುತ್ತಿದ್ದಳು. "ಅಮ್ಮಾವುಕ್ಕಾ?" ಎಂದಳು, ಅಮ್ಮನಿಗಾ ಎಂದು.

ಹೂಂ ಎಂದೆ. ತಮಾಷೆಗೆ.

ಇನ್ನು ಮುಂದೆ ದಿನಾ ಇಡಬೇಕಾಗುತ್ತದೋ ಏನೋ.

ಫೆಬ್ರವರಿ ೧೩, ಸೋಮವಾರ. ಶಿವರಾತ್ರಿ

ರಜ. ಉಪವಾಸ. ಮಧ್ಯಾಹ್ನವೆಲ್ಲ ನಡುಮನೆಯ ಗೋಡೆಗೆ ಒರಗಿ ಮಣೆಯನ್ನು ನೋಡುತ್ತ ಕೂತೆ. ನಾಲ್ಕು, ನಾಲ್ಕೂಕಾಲು, ನಾಲ್ಕೂವರೆ. ಅಲುಗಲಿಲ್ಲ. ನಾನು ಮನೆಯಲ್ಲಿರುವ ದಿನ ಅದು ಅಲುಗುವುದಿಲ್ಲ. ನನ್ನ ಮೇಲೆ ಅವಳಿಗೆ ಕೋಪವಿರಬಹುದು. ಆಸ್ಪತ್ರೆಗೆ ಇನ್ನೂ ಎರಡು ದಿನ ಮುಂಚೆ ಕರೆದುಕೊಂಡು ಹೋಗಬಹುದಾಗಿತ್ತು. ಸಾಮಾನ್ಯ ಜ್ವರ, ಜ್ವರಕ್ಕೂ ಒಂದು ಜೋರು ಇರಬೇಡವೇ ಎಂದು ಪದ ಆಡಿಸಿಕೊಂಡು ಕೂತಿದ್ದೆ. ಅವಳು ನಕ್ಕಿದ್ದಳು. ಅದರಲ್ಲೇ ಎರಡು ದಿನ ಕಳೆಯಿತು.

ಅಮ್ಮಣ್ಣಿಗೂ ಇವತ್ತು ಚಡಪಡಿಕೆ. ಹೊರಗೆ ಹೋಗೋದಿಲ್ಲವಾ ಎಂದು ನನ್ನನ್ನು ನಾಲ್ಕು ಸಲ ಕೇಳಿದಳು.

ಫೆಬ್ರವರಿ ೧೮, ಶನಿವಾರ

ಜನಗಣತಿಯವನು ಬಂದಿದ್ದ. ಎಳೆಯ ಸ್ಕೂಲು ಮೇಷ್ಟರು, ಕಂಕುಳಲ್ಲಿ ಹಲಗೆ, ಕಿವಿಯಲ್ಲಿ ಪೆನ್ಸಿಲು. ಹತ್ತು ವರ್ಷಕ್ಕೊಮ್ಮೆ ಸರ್ಕಾರಕ್ಕೆ ನಮ್ಮ ಜ್ಞಾಪಕ ಬರುತ್ತದೆ. ಇದರ ಹೆಸರು ಸೆನ್ಸಸ್ಸು. ಸೆನ್ಸು ಇರುವವರನ್ನು ಮಾತ್ರ ಎಣಿಸುವುದಾದರೆ ಅವನ ಕೆಲಸ ಅರ್ಧ ದಿನದಲ್ಲಿ ಮುಗಿಯುತ್ತಿತ್ತು.

"ಮನೇಲಿ ಎಷ್ಟು ಜನ ಸಾರ್?" ಎಂದು ತಮಿಳಿನಲ್ಲಿ ಕೇಳಿದ.

"ಮೂಣು," ಎಂದೆ. ಮೂರು.

ಹೆಸರು ಕೇಳಿದ. ಹೇಳಿದೆ, ವಯಸ್ಸಿನ ಸಮೇತ. ಬರೆದುಕೊಂಡ. ಮಾರ್ಚ್ ಮೊದಲ ವಾರ ಇನ್ನೊಂದು ಸಲ ಬಂದು ಸರಿನೋಡುತ್ತೇನೆ ಎಂದು ಹೊರಟ. ಅಮ್ಮಣ್ಣಿ ಬಾಗಿಲ ಹಿಂದೆ ನಿಂತಿದ್ದವಳು ಸಮಾಧಾನದಿಂದ ತಲೆಯಾಡಿಸಿದಳು, ನಾನು ಲೆಕ್ಕ ಸರಿಯಾಗಿ ಹೇಳಿದ ಹಾಗೆ.

ಈಗ ಸರ್ಕಾರದ ಕಾಗದದಲ್ಲೇ ಇದೆ. ಅತ್ತೆ ಮುಂದಿನ ಭಾನುವಾರ ಬಿಟ್ಟು ಅದರ ಮುಂದಿನ ಭಾನುವಾರ ಬರುತ್ತಾರೆ.

ಫೆಬ್ರವರಿ ೨೩, ಗುರುವಾರ

ಕಾಲೇಜಿನ ಟ್ರಸ್ಟಿಯೊಬ್ಬರು ತೀರಿಕೊಂಡರೆಂದು ಬೇಗ ಬಿಟ್ಟರು. ಶೂಸು ರಿಪೇರಿಗೆ ಕೊಟ್ಟಿದ್ದೆ. ಚಪ್ಪಲಿಯಲ್ಲಿ ಬಂದದ್ದರಿಂದ ಮೆಟ್ಟಿಲಿಗೇ ನನ್ನ ಗುರುತು ಸಿಗಲಿಲ್ಲ.

ಸರಪಳಿಯ ಸದ್ದು ಹೊರಗಿನಿಂದಲೇ ಕೇಳಿತು. ಬಾಗಿಲಿಗೆ ಬಂದು ನಿಂತೆ. ಅಮ್ಮಣ್ಣಿ ಖಾಲಿ ಮಣೆಯ ಪಕ್ಕದಲ್ಲಿ ನಿಂತು, ಎರಡು ಕೈಯಲ್ಲೂ ಸರಪಳಿ ಹಿಡಿದು, ಮೆಲ್ಲಗೆ ತಳ್ಳುತ್ತಿದ್ದಳು. ತುಟಿ ಅಲ್ಲಾಡುತ್ತಿತ್ತು. ನನ್ನನ್ನು ನೋಡಿ, ಮಾಮಿಯ ಮನೆಗೆ ಇಳಿಯುವ ಹಿಂದಿನ ಮೆಟ್ಟಿಲ ಕಡೆ ಓಡಲು ತಿರುಗಿ, ಓಡಲಿಲ್ಲ.

"ಏನು ಮಾಡ್ತಿದೀಯ ಪುಟ್ಟಿ?"

"ಅಮ್ಮಾವೆ ತೂಗ್ತಿದೀನಿ." ಅಮ್ಮನನ್ನು ಎಂದು. ಎರಡು ಭಾಷೆ, ಒಂದೇ ಬಾಯಿ.

"ಯಾರು ಹೇಳಿದ್ರು?"

"ಮಾಮಿ. ಅನ್ನಿಕ್ಕೇ ಸೊನ್ನಾ." ಆವತ್ತೇ ಹೇಳಿದರಂತೆ, ನಾನು ಜಟಕಾದಲ್ಲಿ ಒಬ್ಬನೇ ಬಂದ ದಿನ. "ಅಮ್ಮಾ ತೂಂಗರಾ, ಅಳಾದೆ ಅಂತ."

ಪಾಪ, ಮಾಮಿ ಹೇಳಿದ್ದು ಸಮಾಧಾನಕ್ಕೆ. ತಮಿಳಿನಲ್ಲಿ ತೂಂಗುವುದೆಂದರೆ ನಿದ್ದೆ ಮಾಡುವುದು: ಅಮ್ಮ ಮಲಗಿದ್ದಾಳೆ, ಅಳಬೇಡ. ನಮ್ಮಲ್ಲಿ ತೂಗುವುದೆಂದರೆ ಮಣೆಯನ್ನೋ ತೊಟ್ಟಿಲನ್ನೋ ಆಡಿಸುವುದು. ಮಗು ಎರಡನ್ನೂ ಗಂಟು ಹಾಕಿಕೊಂಡಿದೆ. ನಿದ್ದೆ ಮಾಡುವವರನ್ನು ತೂಗಬೇಕು.

"ತೂಗ್ದೇ ಇದ್ರೆ ಎಚ್ಚರ ಆಗ್ಬಿಡತ್ತೆ," ಎಂದಳು. "ಆಗ ಯಾರೂ ಇಲ್ಲದಿದ್ರೆ ಅಮ್ಮ ಅಳ್ತಾಳೆ. ನೀ ಬರೋವರ್ಗೂ ನಾನು. ಆಮೇಲೆ ನೀ ಇರ್ತೀಯಲ್ಲ."

"ನನಗೆ ಯಾಕೆ ಹೇಳಲಿಲ್ಲ?"

"ನಿನಕ್ಕೂ ಗೊತ್ತು ತಾನೆ? ನೀನೂ ಶೂಸ್ ಕೈಲಿ ಹಿಡ್ಕೊಂಡು, ಸದ್ದು ಮಾಡ್ದೆ ಸುತ್ತಿ ಹೋಗ್ತೀಯ. ಕಾಪಿ ಇಡ್ತೀಯ. ಮೂಣು ಅಂತ ಹೇಳ್ದೆ."

ಅವಳ ಅಂಗೈ ಬಿಡಿಸಿ ನೋಡಿದೆ. ಸರಪಳಿಯ ತುಕ್ಕು. ಇಷ್ಟು ದಿನ ಮಣ್ಣೆಂದು ತೊಳೆಸುತ್ತಿದ್ದೆ.

ಫೆಬ್ರವರಿ ೨೪

ಹೇಳಿದೆ. ತೂಗುವುದು ಬೇರೆ, ತೂಂಗುವುದು ಬೇರೆ, ಇದು ಎರಡೂ ಅಲ್ಲ ಎಂದು. ಅಳಲಿಲ್ಲ. ನನ್ನ ಕೆನ್ನೆಯ ಗಾಯದ ಗುರುತನ್ನು ಬೆರಳಿನಿಂದ ಮುಟ್ಟಿ ನೋಡಿದಳು.

ಫೆಬ್ರವರಿ ೨೬, ಭಾನುವಾರ

ಎರಡು ದಿನದಿಂದ ಅಮ್ಮಣ್ಣಿ ಯಾವ ಭಾಷೆಯಲ್ಲೂ ಮಾತಾಡಿಲ್ಲ. ಮಾಮಿ ಮೇಲೆ ಬಂದು, ತಪ್ಪು ತಮ್ಮದೆಂದು ಕಣ್ಣೊರೆಸಿಕೊಂಡರು. ತಪ್ಪು ನಿಮ್ಮದಲ್ಲ, ಒಂದು ಸೊನ್ನೆಯದು ಎಂದೆ. ಅರ್ಥವಾಗಲಿಲ್ಲ. ವಿವರಿಸುವ ಉತ್ಸಾಹ ಬರಲಿಲ್ಲ.

ಮಣೆ ಸುಮ್ಮನಿದೆ. ಸದ್ದಿಗೆ ಹೆದರುತ್ತಿದ್ದವನು ಈಗ ಸದ್ದಿಲ್ಲದ್ದನ್ನು ಕೇಳುತ್ತ ಕೂರಬೇಕಾಗಿದೆ. ನಡುಮನೆ ಇಷ್ಟು ದೊಡ್ಡದೆಂದು ಗೊತ್ತಿರಲಿಲ್ಲ.

ನಾಲ್ಕೂವರೆಗೆ ಕಾಫಿ ಇಳಿಸಿದೆ. ಒಂದು ಲೋಟ, ಅಮ್ಮಣ್ಣಿಗೆ ಬಟ್ಟಲಿನಲ್ಲಿ ಹಾಲು, ಮೇಲೆ ನಾಲ್ಕು ಹನಿ ಡಿಕಾಕ್ಷನ್, ಬಣ್ಣಕ್ಕೆ. ನಾನು ಮಣೆಯ ಮೇಲೆ ಕೂತೆ. ಅವಳು ಬಟ್ಟಲು ಹಿಡಿದು ನನ್ನ ಪಕ್ಕ ಬಂದು ಕೂತಳು. ಕಾಲು ನೆಲಕ್ಕೆ ಎಟಕುವುದಿಲ್ಲ. ನನ್ನ ಕಾಲಿನ ಮೇಲೆ ತನ್ನ ಕಾಲು ಇಟ್ಟು ಒತ್ತಿದಳು, ತಳ್ಳು ಎಂದು. ತಳ್ಳಿದೆ. "ಮೆದುವಾ," ಎಂದಳು. ಮೆಲ್ಲಗೆ. ಎರಡು ದಿನದ ಮೇಲೆ ಮೊದಲ ಮಾತು.

ಅಕ್ಷರ ಇವತ್ತು ಓರೆಕೋರೆಯಾಗಿದೆ. ಕೂತ ಜಾಗ ಅಲುಗುತ್ತಿರುವಾಗ ಇನ್ನು ಹೇಗೆ ಬರೆಯುವುದು.

ಮಾರ್ಚ್ ೨, ಗುರುವಾರ

ಜನಗಣತಿಯವನು ಸರಿನೋಡಲು ಬಂದ. "ಮೂಣು ಪೇರ್. ಸರಿ ತಾನೆ ಸಾರ್?"

"ರೆಂಡು," ಎಂದೆ. ಇಬ್ಬರು.

ಹಲಗೆಯಿಂದ ತಲೆಯೆತ್ತಿದ. ಗಿರಿಜಾದೇವಿಯವರು ಎಲ್ಲಾದರೂ ಊರಿಗೆ ಹೋಗಿದ್ದಾರೋ ಎಂದು ಕೇಳಿದ.

"ಇಲ್ಲೆ," ಎಂದೆ. ಅವನು ಇನ್ನೂ ನೋಡುತ್ತಿದ್ದ. "ಅವಳು ಇಲ್ಲೆ. ಅಕ್ಟೋಬರ್‌ನಿಂದ."

ಬೈಯಬಹುದಾಗಿತ್ತು, ಸರ್ಕಾರಿ ಕಾಗದ. ಅವನು ಪೆನ್ಸಿಲು ತೆಗೆದು, ಆ ಹೆಸರಿನ ಮೇಲೆ ಬಹಳ ನಿಧಾನವಾಗಿ, ಕಾಗದಕ್ಕೆ ನೋವಾದೀತೆಂಬಂತೆ ಒಂದು ಗೆರೆ ಎಳೆದ. "ಪರವಾ ಇಲ್ಲೆ ಸಾರ್," ಎಂದು ಮೆಟ್ಟಿಲಿಳಿದು ಹೋದ.

ಡೈರಿಯ ಮೊದಲ ಪುಟ ತಿದ್ದಿದೆ. ಅಪಘಾತವಾದರೆ: ಅಮ್ಮಣ್ಣಿ, ಕೆಳಗೆ ಜಯಲಕ್ಷ್ಮೀ ಮಾಮಿಯ ಮನೆ.

ಮಾರ್ಚ್ ೫, ಭಾನುವಾರ

ಬೆಂಗಳೂರು ಮೇಲ್ ರೈಲಿನಲ್ಲಿ ಅತ್ತೆ ಬಂದಿಳಿದರು. ಒಂದು ಟ್ರಂಕು, ಬಟ್ಟೆಯಲ್ಲಿ ಕಟ್ಟಿದ ಖಡಕ್ ರೊಟ್ಟಿ. ಟ್ರಂಕು ಮುಕ್ಕಾಲು ಖಾಲಿ. ಹೋಗುವಾಗ ಅಮ್ಮಣ್ಣಿಯ ಬಟ್ಟೆಗೆಂದು.

"ಅಳಿಯಂದ್ರೆ, ನಿಮ್ಮ ಕಾರ್ಡು ಓದಿ ಸೋಮಲಿಂಗ ಹೆದರಿಬಿಟ್ಟ," ಎಂದರು ರಿಕ್ಷಾದಲ್ಲಿ. "ತಲಿ ನೆಟ್ಟಗೈತಿ ಹೌದಲ್ಲೋ?"

"ಲಾಜಿಕ್ ಹೇಳೋರಿಗೆ ಕೆಟ್ಟರೂ ಗೊತ್ತಾಗೋದಿಲ್ಲ ಅತ್ತೆ."

"ನಗಿಸಬ್ಯಾಡ್ರಿ. ನಗಿಸಿ ನಗಿಸಿ ನನ್ನ ಮಗಳನ್ನ ಕಟ್ಟಿಕೊಂಡ್ರಿ. ಮೊಮ್ಮಗಳು ಹಂಗ ಸಿಗಾಕಿಲ್ಲ."

ಮನೆಗೆ ಬಂದು ಎಲ್ಲ ನೋಡಿದರು. ಡಬ್ಬಿಗಳ ಮುಚ್ಚಳ, ಅಮ್ಮಣ್ಣಿಯ ಉಗುರು, ಕಿವಿಯ ಹಿಂದೆ. ತೂಗುಮಣೆಯನ್ನು ಮಾತ್ರ ಗೋಡೆಯ ಪಕ್ಕದಿಂದ ಸುತ್ತಿ ದಾಟಿದರು. ಮದುವೆಯಲ್ಲಿ ಅವರೇ ಕೊಟ್ಟದ್ದು. ದಾವಣಗೆರೆಯಿಂದ ಗೂಡ್ಸಿನಲ್ಲಿ ಬಂದಿತ್ತು.

ಅವರು ಸುತ್ತಿ ಹೋದದ್ದನ್ನು ಅಮ್ಮಣ್ಣಿಯೂ ನೋಡಿದಳು.

ಮಾರ್ಚ್ ೧೦, ಶುಕ್ರವಾರ

ಅತ್ತೆ ಐದು ದಿನದಿಂದ ಕಣ್ಣಿಟ್ಟಿದ್ದರು. ಬೆಳಗ್ಗೆ ಜಡೆ ಹಾಕುವಾಗ ಪಕ್ಕದಲ್ಲೇ ನಿಂತು, ಬೈತಲೆ ಮುಗಿಯುವವರೆಗೆ ಉಸಿರು ಬಿಡಲಿಲ್ಲ. ಮುಗಿದ ಮೇಲೆ, "ಸ್ವಲ್ಪ ಸೊಟ್ಟ," ಎಂದರು. ಸ್ವಲ್ಪ ಎಂದದ್ದನ್ನು ಗಮನಿಸಿದೆ.

ನಾಲ್ಕೂವರೆಗೆ ನಾನು ಬಂದಾಗ ಅಮ್ಮಣ್ಣಿ ಅಜ್ಜಿಯ ಕೈ ಹಿಡಿದು ಮಣೆಯ ಕಡೆ ಎಳೆಯುತ್ತಿದ್ದಳು. "ಪಾಟಿ, ವಾ. ಉಕ್ಕಾರು." ಅಜ್ಜಿ, ಬಾ, ಕೂತುಕೋ ಎಂದು. ಅತ್ತೆಗೆ ತಮಿಳು ಒಂದಕ್ಷರ ಬರುವುದಿಲ್ಲ. ಆದರೂ ಬಂದು ಕೂತರು. ಕೂತೊಡನೆ ಎಡಗಡೆಯ ಸರಪಳಿ ಆ ಕಿರುಸದ್ದು ಮಾಡಿತು, ಗಿರಿಜೆ ಕೂತಾಗಲೂ ಮಾಡುತ್ತಿದ್ದದ್ದು. ಅತ್ತೆ ಸರಪಳಿಯನ್ನು ಮುಷ್ಟಿಯಲ್ಲಿ ಹಿಡಿದು ಬಹಳ ಹೊತ್ತು ತಲೆಯೆತ್ತಲಿಲ್ಲ. ನಾನು ಅಡಿಗೆಮನೆಗೆ ಹೋಗಿ ಫಿಲ್ಟರಿನ ಮುಂದೆ ನಿಂತೆ. ಹನಿ ಅದರಷ್ಟಕ್ಕೆ ಇಳಿಯುತ್ತಿತ್ತು.

ಕಾಫಿ ತಂದಾಗ ಅವರು ಮುಖ ಒರೆಸಿಕೊಂಡಿದ್ದರು. "ನಾನು ನಿಮ್ಮನ್ನ ಕೇಳಾಕಿಲ್ಲ," ಎಂದರು ನನಗೆ. "ಕೂಸನ್ನ ಕೇಳ್ತೀನಿ. ಅದು ಏನ್ ಅಂತೈತೋ ಅದು."

ಅಮ್ಮಣ್ಣಿಯ ಗಲ್ಲ ಹಿಡಿದು ತಿರುಗಿಸಿದರು. "ನನ್ನ ಸಂಗಡ ದಾವಣಗೇರಿಗೆ ಬರ್ತೀಯೇನವ್ವಾ?"

ಕನ್ನಡದ ಪ್ರಶ್ನೆ. ಯಾವತ್ತಿನಂತೆ, ತಮಿಳಿನ ಉತ್ತರ.

"ಇಲ್ಲೆ," ಎಂದಳು.

ಅತ್ತೆ ಅವಳನ್ನು ನೋಡಿದರು, ನನ್ನನ್ನು ನೋಡಿದರು, ಕೂತ ಮಣೆಯನ್ನು ನೋಡಿಕೊಂಡರು.

"ಇಲ್ಲೇ ಅಂತಾಳೆ," ಎಂದರು.

"ಹೂಂ," ಎಂದೆ. "ಇಲ್ಲೇ."

ಭಾಷಾಂತರ ಮಾಡಲಿಲ್ಲ. ಮಾಡಿದ್ದರೂ ಏನೂ ಬದಲಾಗುತ್ತಿರಲಿಲ್ಲ.

ಅತ್ತೆ ಕಾಫಿ ಕುಡಿದರು. ಲೋಟ ಖಾಲಿ ಮಾಡಿ ಇನ್ನಷ್ಟು ಕೇಳಿದರು. ಭಾನುವಾರದ ರೈಲಿಗೆ ಒಬ್ಬರೇ ಹೋಗುತ್ತಾರೆ. ಸೋಮಲಿಂಗನಿಗೆ ಕಾರ್ಡು ಬರೆಯಿರಿ ಎಂದರು. ನಾನು ಮಣೆಯ ಮೇಲೇ ಕೂತು, ಮೊಣಕಾಲಿಗೆ ಪುಸ್ತಕ ಆನಿಸಿ, ಅವರು ಹೇಳಿದ್ದನ್ನು ಬರೆದೆ. ಹೊರಡುವ ದಿನ, ತಲುಪುವ ಹೊತ್ತು, ಸ್ಟೇಷನ್ನಿಗೆ ಗಾಡಿ ಕಳಿಸುವ ವಿಷಯ. ಕೊನೆಗೆ ಏನು ಬರೆಯಲಿ ಎಂದೆ.

"ಇನ್ನೇನು ಬರೀತೀರಿ," ಎಂದರು, ಅಮ್ಮಣ್ಣಿಯ ಸೊಟ್ಟ ಬೈತಲೆಯನ್ನು ಬೆರಳಿನಿಂದ ನೆಟ್ಟಗೆ ಮಾಡುತ್ತ. "ಇಲ್ಲಿ ಮೂವರೂ ಕ್ಷೇಮ ಅಂತ ಬರೀರಿ."

ಬರೆದೆ. ಅವರು ಯಾರು ಯಾರನ್ನು ಎಣಿಸಿದರು ಎಂದು ಕೇಳಲಿಲ್ಲ.